ಕ್ಯಾಂಟರ್‌ಬರಿಯ ಪವಾಡ ಕಿಟಕಿಗಳು: ಕಥೆಗಿಂತ ಮೊದಲು ಗಾಜನ್ನು ಓದುವುದು ಹೇಗೆ?

ಗಾಜುಗಣ್ಣು

ಇಂಗ್ಲೆಂಡಿನ ಕ್ಯಾಂಟರ್‌ಬರಿ ಕೆಥೆಡ್ರಲ್‌ನ ಟ್ರಿನಿಟಿ ಚಾಪೆಲ್ ಸುತ್ತಲಿರುವ ಪವಾಡ ಕಿಟಕಿಗಳನ್ನು ಹೆಚ್ಚಿನವರು ಚಿತ್ರಕಥೆಯ ಹಾಗೆ ನೋಡಿಕೊಂಡು ಹೋಗುತ್ತಾರೆ. ಯಾರಿಗೋ ಕಾಯಿಲೆ ಬಂತು, ಸಂತ ಥಾಮಸ್ ಬೆಕೆಟ್ ಗುಣ ಮಾಡಿದರು, ಮುಂದಿನ ಫಲಕ. ಈ ಗಾಜನ್ನು ಎಂಟುನೂರು ವರ್ಷಗಳಲ್ಲಿ ಹಲವು ಸಲ ಬಿಚ್ಚಿ ಜೋಡಿಸಲಾಗಿದೆ ಎಂಬ ಮಾತು ಬರುವುದೇ ಅಪರೂಪ. ಗಾಜು, ತುಂಡುಗಳನ್ನು ಕೂಡಿಸುವ ಸೀಸ, ಬಣ್ಣ ಇವನ್ನು ಮೊದಲು ಓದಬೇಕು, ಕಥೆ ಆಮೇಲೆ ಎನ್ನುವುದು ನನ್ನ ನಿಲುವು. ಬಲ್ಲವರು ಒಂದೊಂದು ಭಾಗ ಬಿಡಿಸಿ ಬರೆಯಲಿ ಎಂದೇ ಈ ಚರ್ಚೆ ತೆರೆದಿದ್ದೇನೆ.

ಹಿನ್ನೆಲೆ ಇಷ್ಟು: ಆರ್ಚ್‌ಬಿಷಪ್ ಬೆಕೆಟ್‌ರನ್ನು 1170ರ ಡಿಸೆಂಬರ್ 29ರಂದು ಅದೇ ಕೆಥೆಡ್ರಲ್‌ನೊಳಗೆ ದೊರೆ ಎರಡನೇ ಹೆನ್ರಿಯ ಕಡೆಯ ನಾಲ್ವರು ನೈಟ್‌ಗಳು ಕಡಿದು ಕೊಂದರು. 1173ರ ಫೆಬ್ರವರಿಯಲ್ಲಿ ಪೋಪ್ ಅವರನ್ನು ಸಂತರೆಂದು ಘೋಷಿಸಿದರು. 1174ರಲ್ಲಿ ಕೆಥೆಡ್ರಲ್‌ನ ಪೂರ್ವ ಭಾಗ ಬೆಂಕಿಗೆ ಸಿಕ್ಕಿ ಹೊಸದಾಗಿ ಕಟ್ಟಬೇಕಾಯಿತು. ಬೆಕೆಟ್‌ರ ಅಸ್ಥಿ ಅಲ್ಲಿಯವರೆಗೆ ನೆಲಮಾಳಿಗೆಯ ಸಮಾಧಿಯಲ್ಲಿತ್ತು. 1220ರ ಜುಲೈ 7ರಂದು ಅದನ್ನು ಮೇಲಿನ ಟ್ರಿನಿಟಿ ಚಾಪೆಲ್‌ನ ಶ್ರೈನ್‌ಗೆ, ಅಂದರೆ ಸಂತರ ಅಸ್ಥಿ ಇಡುವ ಪೂಜಾಸ್ಥಾನಕ್ಕೆ, ತಂದರು. ಆ ಶ್ರೈನ್ ಸುತ್ತಲಿನ ಪ್ರದಕ್ಷಿಣೆ ಹಾದಿಯಲ್ಲೇ ಹನ್ನೆರಡು ಕಿಟಕಿಗಳಿದ್ದವು. ಎಲ್ಲವೂ ಉಳಿದಿಲ್ಲ. 1538ರಲ್ಲಿ ಎಂಟನೇ ಹೆನ್ರಿ ಶ್ರೈನ್ ಒಡೆಸಿದ, ಬೆಕೆಟ್ ಚಿತ್ರಗಳನ್ನೆಲ್ಲ ತೆಗೆಯಲು ಆಜ್ಞೆ ಹೊರಡಿಸಿದ. 1643ರಲ್ಲಿ ಪ್ಯೂರಿಟನ್ನರು, ಅಂದರೆ ಚರ್ಚ್‌ನಲ್ಲಿ ಚಿತ್ರ, ಮೂರ್ತಿ ಇರಬಾರದು ಎನ್ನುವ ಕಟ್ಟಾ ಪ್ರಾಟೆಸ್ಟಂಟರು, ಇದೇ ಕೆಥೆಡ್ರಲ್‌ನ ಬೇರೆ ಕಿಟಕಿಗಳನ್ನು ಒಡೆದರು. ಇಷ್ಟಾದರೂ ಇಷ್ಟು ಗಾಜು ಉಳಿದದ್ದು ದೊಡ್ಡದು.

ಮೊದಲ ಪ್ರಶ್ನೆ: ಓದುವ ಕ್ರಮ ಎಲ್ಲಿಂದ ಎಲ್ಲಿಗೆ?

ಹಸ್ತಪ್ರತಿ

ಸಾಮಾನ್ಯ ನಿಯಮ: ಕೆಳಗಿನಿಂದ ಮೇಲಕ್ಕೆ, ಪ್ರತಿ ಸಾಲಿನಲ್ಲಿ ಎಡದಿಂದ ಬಲಕ್ಕೆ. ಆದರೆ ಇದು ಪಾಠ, ಅಂದರೆ ಕಥೆಯ ಬರೆದಿಟ್ಟ ಮೂಲ, ಕೈಯಲ್ಲಿ ಹಿಡಿದು ತಾಳೆ ನೋಡಬೇಕಾದ ನಿಯಮ, ಕಣ್ಣು ಮುಚ್ಚಿ ನಂಬುವಂಥದ್ದಲ್ಲ. ಕ್ಯಾಂಟರ್‌ಬರಿಯಲ್ಲಿ ನಮ್ಮ ಅದೃಷ್ಟಕ್ಕೆ ಪಾಠ ಇದೆ. ಬೆಕೆಟ್ ಸತ್ತ ಕೆಲವೇ ವರ್ಷಗಳಲ್ಲಿ ಬೆನೆಡಿಕ್ಟ್ ಮತ್ತು ವಿಲಿಯಂ ಎಂಬ ಇಬ್ಬರು ಸನ್ಯಾಸಿಗಳು ಪವಾಡಗಳನ್ನು ಲ್ಯಾಟಿನ್‌ನಲ್ಲಿ ದಾಖಲಿಸಿದರು. ಕಿಟಕಿಯಲ್ಲಿರುವ ಕಥೆಗಳು ಈ ಎರಡು ಸಂಗ್ರಹಗಳಿಂದ ಬಂದವು.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ಪಾಂಟಿಫ್ರಾಕ್ಟ್‌ನ ಜೋರ್ಡನ್ ಫಿಟ್ಸ್-ಐಸುಲ್ಫ್ ಎಂಬ ನೈಟ್‌ನ ಮನೆಯ ಕಥೆ, ಒಂಬತ್ತು ಫಲಕ. ಮೊದಲು ಮನೆಯ ದಾದಿಯ ಶವಸಂಸ್ಕಾರ. ಆಮೇಲೆ ಮಗ ಸಾಯುತ್ತಾನೆ. ಕ್ಯಾಂಟರ್‌ಬರಿಯಿಂದ ಬಂದ ಯಾತ್ರಿಕರ ಹತ್ತಿರ ‘ಸಂತ ಥಾಮಸ್ ನೀರು’ ಇತ್ತು. ಸಂತರ ರಕ್ತದ ಸೋಂಕಿದ್ದ ನೀರು ಅದು. ಚಿಕ್ಕ ಸೀಸೆಯಲ್ಲಿ ತುಂಬಿ ಕೊರಳಿಗೆ ನೇತುಹಾಕಿಕೊಂಡು ಹೋಗುತ್ತಿದ್ದರು, ಸೀಸೆಯೂ ಸೀಸ-ತವರದ್ದೇ. ಆ ನೀರನ್ನು ಹುಡುಗನ ಬಾಯಿಗೆ ಹಾಕುತ್ತಾರೆ, ಜೀವ ಬರುತ್ತದೆ. ತಂದೆ ತಾಯಿ ಈಸ್ಟರ್‌ಗೆ ಮುಂಚಿನ ಲೆಂಟ್ ಉಪವಾಸದ ನಡುವಿನೊಳಗೆ ಕ್ಯಾಂಟರ್‌ಬರಿಗೆ ಕಾಣಿಕೆ ಒಪ್ಪಿಸುತ್ತೇವೆ ಎಂದು ಹರಕೆ ಹೊರುತ್ತಾರೆ, ಆಮೇಲೆ ಮುಂದೂಡುತ್ತಾರೆ. ಸಂತರು ಒಬ್ಬ ಕುಷ್ಠರೋಗಿಯ ಕನಸಿನಲ್ಲಿ ಬಂದು ಎಚ್ಚರಿಕೆ ಕಳಿಸಿದರೂ ಕೇಳುವುದಿಲ್ಲ. ಎಂಟನೆಯ ಫಲಕದಲ್ಲಿ ಹಿರಿಯ ಮಗನ ಹೆಣ, ಅಳುವ ಮನೆಯವರು, ಮೇಲೆ ತೇಲುವಂತೆ ಕತ್ತಿ ಹಿಡಿದ ಬೆಕೆಟ್. ಕೊನೆಯದರಲ್ಲಿ ಜೋರ್ಡನ್ ಸಮಾಧಿಯ ಮೇಲೆ ನಾಣ್ಯ ಸುರಿಯುತ್ತಾನೆ.

ಹರಕೆ ಮರೆತರೆ ದೇವರು ಬಿಡುವುದಿಲ್ಲ ಎನ್ನುವ ಕಥೆ ನಮಗೂ ಹೊಸದಲ್ಲ, ಹಾಗಾಗಿ ಅರ್ಥವಾಗುವುದು ಸುಲಭ. ತೊಡಕು ಬೇರೆ ಕಡೆ ಇದೆ. ಹಾಸಿಗೆಯ ಮೇಲೆ ಮಲಗಿದ ಹುಡುಗ, ಸುತ್ತ ಮನೆಯವರು: ಈ ದೃಶ್ಯ ಒಂದೇ ಕಥೆಯಲ್ಲಿ ಮೂರು ನಾಲ್ಕು ಸಲ ಬರುತ್ತದೆ. ಫಲಕಗಳು ಅದಲು ಬದಲಾದರೆ ಸತ್ತವನು ಬದುಕುವುದೂ ಬದುಕಿದವನು ಸಾಯುವುದೂ ತಿರುಗುಮುರುಗಾಗುತ್ತದೆ, ನೋಡುವವರಿಗೆ ಗೊತ್ತೂ ಆಗುವುದಿಲ್ಲ. ಲ್ಯಾಟಿನ್ ಪದ್ಯದ ಸಾಲುಗಳು ಅಂಚಿನಲ್ಲಿವೆ. ಅವೂ ಕೆಲವು ಕಡೆ ಮರುಜೋಡಣೆಯಾದವೇ.

ಸೀಸದಕಡ್ಡಿ

ಅದಲು ಬದಲಾಗಿರುವುದು ನಿಜಕ್ಕೂ ಸಿಕ್ಕಿದೆ. 2021ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಬೆಕೆಟ್ ಪ್ರದರ್ಶನಕ್ಕೆ ಒಂದು ಇಡೀ ಪವಾಡ ಕಿಟಕಿಯ ಗಾಜನ್ನು ತಂದಾಗ, ಕೆಲವು ಫಲಕಗಳು ತಪ್ಪು ಜಾಗದಲ್ಲಿ ಇದ್ದದ್ದು ಪತ್ತೆಯಾಗಿ ಸರಿಯಾದ ಅನುಕ್ರಮದಲ್ಲೇ ಇಟ್ಟು ತೋರಿಸಿದರು. ಗಾಜನ್ನು ಕೆಳಗಿಳಿಸಿ ಮೇಜಿನ ಮೇಲೆ ನೋಡಿದ್ದರಿಂದ ಇದು ಸಾಧ್ಯವಾಯಿತು.

ಚರ್ಚೆ ಮುಂದುವರಿಯುವ ಮುಂಚೆ ಫಲಕದ ವಿಳಾಸ ಹೇಳುವ ಪದ್ಧತಿ ಒಂದೇ ಇಟ್ಟುಕೊಳ್ಳೋಣ. ಇಲ್ಲದಿದ್ದರೆ ‘ಎಡಗಡೆಯ ಮೂರನೇ ಕಿಟಕಿ’ ಅಂದರೆ ಒಬ್ಬೊಬ್ಬರು ಒಂದೊಂದು ಕಡೆ ನೋಡುತ್ತಾರೆ. ಮಧ್ಯಯುಗದ ಗಾಜನ್ನೆಲ್ಲ ಪಟ್ಟಿ ಮಾಡುವ ಕಾರ್ಪಸ್ ವಿಟ್ರಿಯಾರಮ್ ಎಂಬ ಅಂತರರಾಷ್ಟ್ರೀಯ ಯೋಜನೆ ಇದೆ. ಅದರ ಇಂಗ್ಲೆಂಡ್ ಪದ್ಧತಿಯಲ್ಲಿ ಪೂರ್ವದ ನಡುಕಿಟಕಿ ಒಂದನೆಯದು. ಅಲ್ಲಿಂದ ಪಶ್ಚಿಮಕ್ಕೆ ಬರುತ್ತ ಉತ್ತರದವಕ್ಕೆ ಎನ್, ದಕ್ಷಿಣದವಕ್ಕೆ ಎಸ್ ಅಕ್ಷರ ಸೇರಿಸಿ ಎರಡು, ಮೂರು, ನಾಲ್ಕು ಎಂದು ರೋಮನ್ ಅಂಕಿಯಲ್ಲಿ ಎಣಿಸುತ್ತಾರೆ. ಕೆಳಸಾಲಿನ ಕಿಟಕಿಗೆ ಸಣ್ಣಕ್ಷರ, ಮೇಲ್ಸಾಲಿಗೆ ದೊಡ್ಡಕ್ಷರ. ಫಲಕಗಳನ್ನು ಕೆಳಗಿನಿಂದ ಸಾಲಿನ ಸಂಖ್ಯೆ, ಎಡದಿಂದ ಎ, ಬಿ, ಸಿ ಎಂದು ಗುರುತಿಸುತ್ತಾರೆ.

ಫ್ರಾನ್ಸ್‌ನಲ್ಲಿ ಬೇರೆ. ಪೂರ್ವದ ನಡುಕಿಟಕಿ ಸೊನ್ನೆ, ಉತ್ತರಕ್ಕೆ ಬೆಸ ಸಂಖ್ಯೆ, ದಕ್ಷಿಣಕ್ಕೆ ಸಮ ಸಂಖ್ಯೆ, ಮೇಲ್ಸಾಲು ನೂರರಿಂದ ಶುರು. ಶಾರ್ತ್ರ್ ಕೆಥೆಡ್ರಲ್‌ನ ‘43’ ಎಂದರೆ ಕೆಳಸಾಲು, ಉತ್ತರ ಗೋಡೆ, ಪಶ್ಚಿಮ ಬಾಗಿಲ ಕಡೆಗೆ ಹತ್ತಿರ ಎಂದು ನಕ್ಷೆ ನೋಡದೆ ಹೇಳಬಹುದು. ಹಳೆಯ ಪುಸ್ತಕಗಳಲ್ಲಿ ಹಳೆಯ ಸಂಖ್ಯೆಗಳಿರುತ್ತವೆ. ಎರಡನ್ನೂ ಬೆರೆಸಿ ಬರೆದವರ ಲೇಖನ ಓದುವಾಗ ಜೋಪಾನ.

ಪಡುವಣ

ಪಾಠ, ವಿಳಾಸ ಸರಿ. ಇದನ್ನು ತಯಾರಿಸಿದ್ದು ಹೇಗೆ ಎಂದು ತಿಳಿಯದೆ ಯಾವ ತುಂಡು ಹಳತು ಯಾವುದು ಹೊಸತು ಎಂದು ಹೇಳುವುದು ಕಷ್ಟ. ಥಿಯೋಫಿಲಸ್ ಹೇಳಿದ ಕ್ರಮ ಯಾರಾದರೂ ಬರೆಯುತ್ತೀರಾ?

ಕುಲುಮೆಮನೆ

ಬರೆಯುತ್ತೇನೆ. ಥಿಯೋಫಿಲಸ್ ಎಂಬ ಹೆಸರಿನಲ್ಲಿ 12ನೇ ಶತಮಾನದ ಆರಂಭದಲ್ಲಿ ಒಬ್ಬ ಸನ್ಯಾಸಿ ಕಸುಬುಗಳ ಬಗ್ಗೆ ಗ್ರಂಥ ಬರೆದಿದ್ದಾನೆ. ಅದರ ಎರಡನೇ ಭಾಗ ಪೂರ್ತಿ ಗಾಜಿಗೆ ಮೀಸಲು.

ಗಾಜಿನ ಕಚ್ಚಾ ಸಾಮಗ್ರಿ: ಬೀಚ್ ಮರದ ಬೂದಿ ಎರಡು ಪಾಲು, ಮಣ್ಣು ಕಲ್ಲು ತೆಗೆದ ಮರಳು ಒಂದು ಪಾಲು. ಎರಡನ್ನೂ ಬೆರೆಸಿ ಒಂದು ಹಗಲು ಒಂದು ರಾತ್ರಿ ಹುರಿದು, ಆಮೇಲೆ ಮಡಕೆಯಲ್ಲಿ ಕರಗಿಸುವುದು. ಊದುಗೊಳವೆಯಲ್ಲಿ ಉದ್ದನೆಯ ಕೊಳವೆಯಾಕಾರ ಊದಿ, ಎರಡೂ ತುದಿ ತೆರೆದು, ಉದ್ದಕ್ಕೆ ಸೀಳಿ, ಬಿಸಿಯಲ್ಲಿ ಹಾಳೆಯಾಗಿ ಬಿಡಿಸುವುದು. ಹಾಳೆ ಎಲ್ಲ ಕಡೆ ಒಂದೇ ದಪ್ಪ ಬರುವುದಿಲ್ಲ, ಒಂದೇ ತುಂಡಿನಲ್ಲಿ ಎರಡು ಮಿಲಿಮೀಟರ್‌ನಿಂದ ನಾಲ್ಕೈದರವರೆಗೆ ಏರಿಳಿತ ಇರಬಹುದು. ದಪ್ಪ ಕಡೆ ಬಣ್ಣ ಗಾಢ, ತೆಳು ಕಡೆ ತಿಳಿ. ಬೆಳಕು ಅಲ್ಲಾಡಿದಂತೆ ಕಾಣುವುದಕ್ಕೆ ಒಂದು ಕಾರಣ ಇದೇ.

ನಕ್ಷೆ: ಮರದ ಹಲಗೆಗೆ ಸೀಮೆಸುಣ್ಣದ ಪುಡಿ ಉದುರಿಸಿ, ನೀರು ಚಿಮುಕಿಸಿ, ಬಟ್ಟೆಯಿಂದ ಉಜ್ಜಿ ಬಿಳಿ ಮೈ ಮಾಡಿಕೊಳ್ಳುತ್ತಿದ್ದರು. ಅದರ ಮೇಲೆ ಕಿಟಕಿಯ ಅಳತೆಗೆ ಸರಿಯಾಗಿ ಸೀಸದಿಂದಲೋ ತವರದಿಂದಲೋ ಚಿತ್ರ ಬರೆದು, ಕೆಂಪು ಅಥವಾ ಕಪ್ಪು ಬಣ್ಣದಲ್ಲಿ ತಿದ್ದಿ, ಯಾವ ತುಂಡಿಗೆ ಯಾವ ಬಣ್ಣ ಎಂದು ಒಂದೊಂದು ಅಕ್ಷರ ಗುರುತು. ಇಂಥ ಹಲಗೆ ಒಂದು ಸ್ಪೇನ್‌ನ ಜಿರೋನಾದಲ್ಲಿ ಉಳಿದಿದೆ, 14ನೇ ಶತಮಾನದ್ದು. ಅಲ್ಲಿನ ಕೆಥೆಡ್ರಲ್ ಕಿಟಕಿಗೆ ಬಳಸಿದ್ದು. ಹಲಗೆ ತೊಳೆದರೆ ನಕ್ಷೆ ಹೋಯಿತು, ಹಾಗಾಗಿ ಬೇರೆ ಕಡೆ ನಕ್ಷೆಗಳು ಸಿಗುವುದು ವಿರಳ.

ಕತ್ತರಿಸುವುದು: ಆಗ ವಜ್ರದ ಮೊನೆ ಬಳಕೆಯಲ್ಲಿರಲಿಲ್ಲ. ಕಾಯಿಸಿದ ಕಬ್ಬಿಣವನ್ನು ಗಾಜಿನ ಅಂಚಿಗೆ ಇಟ್ಟು ಬಿರುಕು ಎಬ್ಬಿಸಿ, ಆ ಬಿರುಕು ಮುಂದೆ ಓಡುವಂತೆ ಕಬ್ಬಿಣ ಎಳೆಯುವುದು. ಬಿರುಕು ಏಳದಿದ್ದರೆ ಅಲ್ಲಿ ಎಂಜಲು ಹಚ್ಚು ಎನ್ನುತ್ತಾನೆ. ಹೀಗೆ ಬಂದದ್ದು ಒರಟು ಆಕಾರ. ಸರಿಯಾದ ಆಕಾರಕ್ಕೆ ತುದಿಯಲ್ಲಿ ಕೊಕ್ಕೆಯಂಥ ಕಚ್ಚು ಇರುವ ಕಬ್ಬಿಣದಿಂದ ಅಂಚನ್ನು ಚೂರು ಚೂರೇ ಕಚ್ಚಿ ತೆಗೆಯಬೇಕು. ಈ ಕಚ್ಚಿದ ಅಂಚು ಗುರುತಿಟ್ಟುಕೊಳ್ಳಿ, ಮುಂದೆ ಹಳತು ಹೊಸತು ಪತ್ತೆಗೆ ಬೇಕಾಗುತ್ತದೆ.

ಬರೆಯುವ ಬಣ್ಣ: ಸುಟ್ಟ ತಾಮ್ರದ ಪುಡಿ, ಹಸಿರು ಗಾಜಿನ ಪುಡಿ, ನೀಲಿ ಗಾಜಿನ ಪುಡಿ, ತಲಾ ಮೂರನೇ ಒಂದು ಪಾಲು. ಗಟ್ಟಿ ಕಲ್ಲಿನ ಮೇಲೆ ವೈನ್ ಅಥವಾ ಮೂತ್ರ ಹಾಕಿ ಅರೆಯುವುದು. ಮೂರು ಹದದಲ್ಲಿ ಬಳಸಬೇಕು: ಗೆರೆಗೆ ಗಟ್ಟಿ, ನೆರಳಿಗೆ ಮಧ್ಯಮ, ಮೈಬಣ್ಣದ ತಿರುವಿಗೆ ತೀರ ತಿಳಿ. ಒಣಗಿದ ಬಣ್ಣವನ್ನು ಕುಂಚದ ಹಿಡಿಯಿಂದ ಕೆರೆದರೆ ಬೆಳಕಿನ ಗೆರೆ ಸಿಗುತ್ತದೆ. ಅಕ್ಷರಗಳನ್ನು ಹೆಚ್ಚಾಗಿ ಹೀಗೇ ಕೆರೆದು ತೆಗೆದಿದ್ದಾರೆ.

ಸುಡುವುದು: ಕಬ್ಬಿಣದ ತಗಡಿನ ಮೇಲೆ ಒಣ ಸುಣ್ಣ ಅಥವಾ ಬೂದಿ ಹರಡಿ, ಗಾಜಿನ ತುಂಡುಗಳನ್ನು ಜೋಡಿಸಿ ಗೂಡಿಗೆ ಇಡುವುದು. ಆರಿದ ಮೇಲೆ ಉಗುರಿನಿಂದ ಕೆರೆದು ನೋಡು, ಬಣ್ಣ ಎದ್ದರೆ ಇನ್ನೊಮ್ಮೆ ಸುಡು ಎನ್ನುತ್ತಾನೆ. ಈ ಒಂದು ಮಾತು ಬಹಳ ಮುಖ್ಯ. ಕಡಿಮೆ ಸುಟ್ಟ ಬಣ್ಣ ಗಾಜಿಗೆ ಕಚ್ಚಿಕೊಳ್ಳದೆ ನೂರಿನ್ನೂರು ವರ್ಷದಲ್ಲಿ ಉದುರುತ್ತದೆ. ಅತಿ ಸುಟ್ಟರೆ ಗೆರೆ ಹರಡಿ ಗಾಜು ಮೆತ್ತಗಾಗುತ್ತದೆ. ಮುಖದ ಕಣ್ಣು ಮೂಗು ಮಾಸಿ ಬರೀ ಗುಲಾಬಿ ತುಂಡು ಉಳಿದಿದ್ದರೆ ಮೊದಲು ಅನುಮಾನಿಸಬೇಕಾದ್ದು ಗೂಡಿನ ಶಾಖವನ್ನು.

ಪಡುವಣ

ಬಹಳ ಉಪಕಾರ ಸರ್. ಬಣ್ಣದ ಗಾಜಿಗೆ ಬಣ್ಣ ಎಲ್ಲಿಂದ ಬರುತ್ತದೆ? ಮೇಲೆ ಬಳಿದದ್ದು ಎಂದೇ ಹಲವರು ತಿಳಿದಿದ್ದಾರೆ.

ಕುಲುಮೆಮನೆ

ಬಳಿದದ್ದು ಕಂದು-ಕಪ್ಪು ಗೆರೆ ಮತ್ತು ನೆರಳು ಮಾತ್ರ. ಉಳಿದ ಬಣ್ಣ ಗಾಜಿನ ಮೈಯೊಳಗೇ ಇದೆ. ನೀಲಿಗೆ ಕೋಬಾಲ್ಟ್, ಹಸಿರಿಗೆ ತಾಮ್ರ, ನೇರಳೆಗೆ ಮ್ಯಾಂಗನೀಸ್.

ಬೀಚ್ ಬೂದಿಯಲ್ಲೇ ಮ್ಯಾಂಗನೀಸ್ ಇರುವುದರಿಂದ ಬೇರೇನೂ ಹಾಕದೆಯೂ ಬಣ್ಣ ಬರುತ್ತದೆ. ಮಡಕೆಯ ಗಾಜು ಮೈಬಣ್ಣಕ್ಕೆ ತಿರುಗಿದರೆ ಹಾಗೇ ಬಳಸು, ಇನ್ನೂ ಕೆಲವು ಗಂಟೆ ಕಾಯಿಸಿದರೆ ತಿಳಿನೇರಳೆ, ಮತ್ತೂ ಕಾಯಿಸಿದರೆ ಕೆನ್ನೇರಳೆ ಎಂದು ಥಿಯೋಫಿಲಸ್ ಸ್ಪಷ್ಟವಾಗಿ ಹೇಳುತ್ತಾನೆ. ಕ್ಯಾಂಟರ್‌ಬರಿಯ ಮುಖಗಳ ಆ ಗುಲಾಬಿ-ಕಂದು ಗಾಜಿಗೆ ಹೀಗೆ ಬೇರೆ ವರ್ಣದ್ರವ್ಯವೇ ಬೇಕಾಗಿಲ್ಲ.

ಕೆಂಪು ಕಷ್ಟದ ಬಣ್ಣ. ತಾಮ್ರದ ಕೆಂಪು ಎಷ್ಟು ಗಾಢ ಎಂದರೆ ಮೂರು ಮಿಲಿಮೀಟರ್ ದಪ್ಪದ ಗಾಜು ಪೂರ್ತಿ ಕೆಂಪಾದರೆ ಕಣ್ಣಿಗೆ ಕಪ್ಪೇ. ಹಾಗಾಗಿ ತಿಳಿಗಾಜಿನಲ್ಲಿ ಕೆಂಪು ತೆಳು ಪದರಗಳಾಗಿ ಇರಬೇಕು. 12, 13ನೇ ಶತಮಾನದ ಕೆಂಪು ತುಂಡನ್ನು ಅಂಚಿನಿಂದ ನೋಡಿದರೆ ಎಳೆ ಎಳೆಯಾಗಿ ಹಲವು ಪದರ ಕಾಣುತ್ತವೆ. ಒಂದೇ ತೆಳು ಪದರ ಒಂದು ಮೈಗೆ ಅಂಟಿಸಿದ ಕೆಂಪು ಆಮೇಲಿನದು. ಇದೂ ಕಾಲ ಗುರುತಿಸಲು ಒಳ್ಳೆಯ ಸಾಕ್ಷಿ, ಆದರೆ ಸೀಸದಿಂದ ಬಿಚ್ಚಿದಾಗ ಮಾತ್ರ ಕಾಣುತ್ತದೆ.

ಗಾಜುಗಣ್ಣು

ಸೀಸದ ಬಗ್ಗೆ ಸೀಸದಕಡ್ಡಿಯವರೇ ಹೇಳಬೇಕು.

ಸೀಸದಕಡ್ಡಿ

ಸೀಸದ ಕಡ್ಡಿಯ ಅಡ್ಡಸೀಳು ಇಂಗ್ಲಿಷಿನ ಎಚ್ ಅಕ್ಷರ ಮಲಗಿದ ಹಾಗೆ ಇರುತ್ತದೆ: ನಡುವೆ ತೆಳು ಗೋಡೆ, ಎರಡೂ ಬದಿ ಗಾಜು ಕೂರುವ ತೋಡು. ಮಧ್ಯಯುಗದಲ್ಲಿ ಅಚ್ಚಿನಲ್ಲಿ ಎರಕ ಹೊಯ್ದು ಮಾಡುತ್ತಿದ್ದರು. ಸಂದಿಗಳಿಗೆ ತವರ ಹೆಚ್ಚಿರುವ ಬೆಸುಗೆ. 16ನೇ ಶತಮಾನದಿಂದ ಹಲ್ಲಿನ ಚಕ್ರದ ಯಂತ್ರದಲ್ಲಿ ಎಳೆದ ಕಡ್ಡಿ ಬಂತು. ಅದರ ಒಳಗೋಡೆಯ ಮೇಲೆ ಹಲ್ಲಿನ ಗುರುತು ಸಾಲಾಗಿ ಉಳಿಯುತ್ತದೆ. ಕಡ್ಡಿ ಬಿಚ್ಚಿದಾಗ ಹಲ್ಲಿನ ಗುರುತು ಕಂಡರೆ ಆ ಸೀಸ ಮಧ್ಯಯುಗದ್ದಲ್ಲ, ಗಾಜು ಹಳತೇ ಇರಬಹುದು.

ಸೀಸ ಹವೆಯ ಏರಿಳಿತಕ್ಕೆ ಹಿಗ್ಗಿ ಕುಗ್ಗಿ ದಣಿಯುತ್ತದೆ. ನೂರು-ನೂರೈವತ್ತು ವರ್ಷಕ್ಕೊಮ್ಮೆ ಬದಲಿಸಬೇಕಾಗಿ ಬರುತ್ತದೆ ಎಂದು ಲೆಕ್ಕ. ಎಂಟುನೂರು ವರ್ಷದ ಕಿಟಕಿ ಎಂದರೆ ಎಷ್ಟು ಸಲ ಬಿಚ್ಚಿ ಕಟ್ಟಿರಬಹುದು ಎಂದು ನೀವೇ ನೋಡಿ. ಪ್ರತಿ ಸಲವೂ ಏನಾದರೂ ಕಳೆದುಹೋಗುತ್ತದೆ. ತುಂಡು ಸೀಳಿದರೆ ಆ ಸೀಳಿಗೆ ಇನ್ನೊಂದು ಕಡ್ಡಿ ಹಾಕಿ ಕೂಡಿಸುತ್ತಾರೆ. ಮುಖದ ನಡುವೆ ಅಡ್ಡಾದಿಡ್ಡಿ ಕಪ್ಪು ಗೆರೆ ಕಂಡರೆ ಅದು ಚಿತ್ರಕಾರನ ಗೆರೆಯಲ್ಲ, ರಿಪೇರಿಯ ಸೀಸ. ಅಂಚು ಹಾಳಾದ ತುಂಡನ್ನು ಇನ್ನಷ್ಟು ಕಚ್ಚಿ ಕೂರಿಸುತ್ತಾರೆ, ಕೈ ಮೋಟಾಗುತ್ತದೆ. ಕಳೆದುಹೋದ ಜಾಗಕ್ಕೆ ಬೇರೆ ಕಿಟಕಿಯ ಚೂರು ತುಂಬುತ್ತಾರೆ. ಒಳಮೈ ಹೊರಮೈ ತಿರುಗಿ ಕೂರುವುದೂ ಉಂಟು. ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವಾಗಿದ್ದರೆ ಕಾರಣ ಅದೇ.

ಇನ್ನೊಂದು ಅಂಶ ಕಬ್ಬಿಣದ ಚೌಕಟ್ಟು. 1200ರ ಆಸುಪಾಸಿನ ಕಿಟಕಿಗಳಲ್ಲಿ ಕಬ್ಬಿಣವನ್ನೇ ವೃತ್ತ, ವಜ್ರ, ದಳದ ಆಕಾರಕ್ಕೆ ಬಾಗಿಸಿ ಕಲ್ಲಿಗೆ ನೆಟ್ಟಿದ್ದಾರೆ. ಗಾಜು ಹೋದರೂ ಕಬ್ಬಿಣ ಉಳಿದಿದ್ದರೆ ಫಲಕಗಳ ಮೂಲ ಅಳತೆ, ಆಕಾರ ಗೊತ್ತಾಗುತ್ತದೆ. ಒಂದು ಫಲಕ ಆ ಚೌಕಟ್ಟಿಗೆ ಸರಿಯಾಗಿ ಕೂರದೆ ಅಂಚಿನಲ್ಲಿ ಹೊಸ ಪಟ್ಟಿ ತುಂಬಿದ್ದರೆ, ಅದು ಬೇರೆ ಕಡೆಯಿಂದ ಬಂದದ್ದು ಎಂದು ಅನುಮಾನಿಸಬಹುದು. ಫಲಕಗಳ ಅನುಕ್ರಮ ಸರಿಪಡಿಸುವಾಗ ನಾನು ಪಾಠಕ್ಕಿಂತ ಹೆಚ್ಚು ನಂಬುವುದು ಈ ಕಬ್ಬಿಣವನ್ನು.

ಹಸ್ತಪ್ರತಿ

ಅಲ್ಲಿ ನನ್ನದು ಭಿನ್ನಮತ. ಒಂದೇ ಕಿಟಕಿಯಲ್ಲಿ ಒಂದೇ ಅಳತೆಯ ಫಲಕ ಹತ್ತಾರು ಇರುತ್ತವೆ. ಕಬ್ಬಿಣ ‘ಈ ಕಿಟಕಿಯದು’ ಎನ್ನಬಹುದು, ‘ಈ ಸಾಲಿನದು’ ಎನ್ನಲಾರದು. ಅನುಕ್ರಮಕ್ಕೆ ಪಾಠವೇ ಬೇಕು. ಜೊತೆಗೆ ಚಿತ್ರದೊಳಗಿನ ವಸ್ತು ನೋಡಬೇಕು. ಉದಾಹರಣೆಗೆ ಸಮಾಧಿ. ನೆಲಮಾಳಿಗೆಯ ಸಮಾಧಿ ಎಂದರೆ ಪಕ್ಕದಲ್ಲಿ ದುಂಡನೆಯ ತೂತುಗಳಿರುವ ಕಲ್ಲಿನ ಕಟ್ಟೆ. ಯಾತ್ರಿಕರು ಆ ತೂತಿನಲ್ಲಿ ತಲೆ, ಕೈ ತೂರಿಸಿ ಪ್ರಾರ್ಥಿಸುತ್ತಿದ್ದರು. 1220ರ ಶ್ರೈನ್ ಕಂಬಗಳ ಮೇಲೆ ಎತ್ತರಿಸಿದ್ದು. ಗಾಜಿನಲ್ಲಿ ಪದೇ ಪದೇ ಕಾಣುವುದು ತೂತಿನ ಸಮಾಧಿ, ಏಕೆಂದರೆ ದಾಖಲಾದ ಪವಾಡಗಳು 1170ರ ದಶಕದವು. ಈ ವ್ಯತ್ಯಾಸ ಗಮನಿಸದೆ ‘ಇದು ಶ್ರೈನ್’ ಎಂದು ಎಲ್ಲಕ್ಕೂ ಅಡಿಬರಹ ಕೊಡುವುದು ಸಾಮಾನ್ಯ ತಪ್ಪು.

ಬಟ್ಟೆಯ ಬಣ್ಣವನ್ನು ಮಾತ್ರ ನಂಬಬೇಡಿ. ಈ ಫಲಕದಲ್ಲಿ ಹಸಿರು ನಿಲುವಂಗಿ ಹಾಕಿದವನು ಮುಂದಿನದರಲ್ಲಿ ಕೆಂಪು ಹಾಕಿರಬಹುದು, ವ್ಯಕ್ತಿ ಅವನೇ. ಇಡೀ ಕಿಟಕಿಯಲ್ಲಿ ಕೆಂಪು ನೀಲಿ ಹದವಾಗಿ ಹಂಚುವುದು ಅವರಿಗೆ ಮುಖ್ಯವಾಗಿತ್ತು.

ಪಡುವಣ

ಶಾರ್ತ್ರ್‌ನಲ್ಲೂ ಹಾಗೆಯೇ? ಅಲ್ಲಿನ ಸಂತರ ಕಥೆಗಳಿಗೂ ಇಂಥ ಪಾಠ ಇದೆಯೇ?

ಹಸ್ತಪ್ರತಿ

ಇದೆ, ಆದರೆ ಜನ ತಪ್ಪು ಪುಸ್ತಕ ಹಿಡಿದು ಓದುತ್ತಾರೆ. ಯಾಕೋಪೊ ದ ವಾರಾಜ್ಜೆಯ ‘ಗೋಲ್ಡನ್ ಲೆಜೆಂಡ್’ ಬಂದದ್ದು 1260ರ ಹೊತ್ತಿಗೆ. 1194ರ ಬೆಂಕಿಯ ನಂತರ ಶಾರ್ತ್ರ್ ಕಿಟಕಿಗಳ ಬಹುಪಾಲು ಕೆಲಸ ಆದದ್ದು 1200ರಿಂದ 1235ರ ಒಳಗೆ. ಆ ಪುಸ್ತಕ ಈ ಕಿಟಕಿಗಳಿಗೆ ಮೂಲ ಆಗುವುದು ಸಾಧ್ಯವೇ ಇಲ್ಲ. ಚರ್ಚ್‌ನ ಪೂಜಾವಿಧಿಯಲ್ಲಿ ಸಂತರ ಹಬ್ಬದ ದಿನ ಓದುತ್ತಿದ್ದ ಹಳೆಯ ಚರಿತೆಗಳನ್ನೇ ನೋಡಬೇಕು.

43ನೇ ಕಿಟಕಿ ಸಂತ ಯೂಸ್ಟಸ್‌ರದು. ಪ್ಲಾಸಿಡಸ್ ಎಂಬ ರೋಮನ್ ಸೇನಾಪತಿ ಬೇಟೆಗೆ ಹೋದಾಗ ಜಿಂಕೆಯ ಕೊಂಬುಗಳ ನಡುವೆ ಶಿಲುಬೆ ಕಾಣುತ್ತಾನೆ, ದೀಕ್ಷೆ ಪಡೆದು ಯೂಸ್ಟಸ್ ಆಗುತ್ತಾನೆ. ಹಡಗಿನವನು ಹೆಂಡತಿಯನ್ನು ಇಟ್ಟುಕೊಳ್ಳುತ್ತಾನೆ, ಹೊಳೆ ದಾಟುವಾಗ ಒಬ್ಬ ಮಗನನ್ನು ಸಿಂಹ, ಇನ್ನೊಬ್ಬನನ್ನು ತೋಳ ಎತ್ತಿಕೊಂಡು ಹೋಗುತ್ತವೆ. ಕೊನೆಗೆ ಎಲ್ಲರೂ ಕೂಡಿ, ಒಟ್ಟಿಗೆ ಕಂಚಿನ ಹೋರಿಯೊಳಗೆ ಬೆಂದು ಹುತಾತ್ಮರಾಗುತ್ತಾರೆ. ಬೇಟೆ ಕೆಳಗೆ, ಹೋರಿ ಮೇಲೆ. ಅದೇ ಗೋಡೆಯ 45ನೆಯದು ಸಂತ ಲುಬಿನ್‌ರದು, ಅವರು ಶಾರ್ತ್ರ್‌ನವರೇ ಆದ ಬಿಷಪ್. ಕುರಿ ಕಾಯುವ ಹುಡುಗ ಸೊಂಟಪಟ್ಟಿಯ ಮೇಲೆ ಅಕ್ಷರ ಬರೆಸಿಕೊಂಡು ಓದು ಕಲಿಯುವ ದೃಶ್ಯ ಅದರಲ್ಲಿದೆ. ಅದರ ಜೊತೆಗೇ ವೈನ್ ಪೀಪಾಯಿ ಸಾಗಿಸುವವರ ಚಿತ್ರಗಳು.

ಇಂಥ ಕಸುಬಿನ ಚಿತ್ರಗಳನ್ನು ನೋಡಿ ‘ಕಿಟಕಿ ಕೊಟ್ಟವರು ವೈನ್ ವ್ಯಾಪಾರಿಗಳ ಸಂಘ’ ಎಂದು ಬರೆಯುವುದು ಹಳೆಯ ರೂಢಿ. ಆ ಕಾಲಕ್ಕೆ ಶಾರ್ತ್ರ್‌ನಲ್ಲಿ ಅಷ್ಟು ಬಲವಾದ ಸಂಘಗಳೇ ಇರಲಿಲ್ಲ, ಪಾದ್ರಿಗಳ ಮಂಡಳಿ ತಾನೇ ಅಂಥ ಚಿತ್ರ ಹಾಕಿಸಿತು ಎಂಬ ಪ್ರತಿವಾದ ಗಟ್ಟಿಯಾಗಿದೆ. ‘ಕೊಟ್ಟವರು’ ಎನ್ನುವ ಬದಲು ‘ಚಿತ್ರದಲ್ಲಿರುವವರು’ ಎಂದರೆ ತಪ್ಪಾಗುವುದಿಲ್ಲ.

ತೆಂಕಣಗಾಳಿ

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲೂ ಸಂತರ ಜೀವನ ಕಂತು ಕಂತಾಗಿ ಇದೆಯಲ್ಲ, ಅದೂ ಇದೇ ಪರಂಪರೆಯೇ?

ಗಾಜುಗಣ್ಣು

ವಸ್ತು ಒಂದೇ, ಕಸುಬು ಬೇರೆ. ಅದು 1900ರ ಆಸುಪಾಸಿನಲ್ಲಿ ಇಟಲಿಯ ಜೆಸುಯಿಟ್ ಬ್ರದರ್ ಅಂತೋನಿಯೊ ಮೊಸ್ಕೇನಿ ಮಾಡಿದ ಚಿತ್ರಕಲೆ: ಗೋಡೆ, ಒಳಛಾವಣಿಯ ಮೇಲೆ ಹಸಿ ಗಾರೆಯ ಚಿತ್ರಗಳು, ಜೊತೆಗೆ ಕ್ಯಾನ್ವಾಸ್. ಅಲ್ಲಿ ಬೆಳಕು ಚಿತ್ರದ ಮೇಲೆ ಬೀಳುತ್ತದೆ, ಇಲ್ಲಿ ಬೆಳಕು ಚಿತ್ರವನ್ನು ಹಾದು ಬರುತ್ತದೆ. ಅಲ್ಲಿನ ಶತ್ರು ಗೋಡೆಯ ತೇವ ಮತ್ತು ಉಪ್ಪು. ಗಾಜಿಗೂ ತೇವವೇ ಶತ್ರು, ಕೆಲಸ ಮಾಡುವ ಬಗೆ ಮಾತ್ರ ಬೇರೆ. ಅದನ್ನು ಕುಲುಮೆಮನೆಯವರು ಹೇಳಿದರೆ ಚೆನ್ನ.

ಕುಲುಮೆಮನೆ

ಮರದ ಬೂದಿಯ ಗಾಜಿನಲ್ಲಿ ಸಿಲಿಕಾ ಸುಮಾರು ಅರ್ಧದಷ್ಟು ಮಾತ್ರ, ಉಳಿದದ್ದರಲ್ಲಿ ಪೊಟ್ಯಾಷ್ ಮತ್ತು ಸುಣ್ಣವೇ ಹೆಚ್ಚು. ಇವತ್ತಿನ ಕಿಟಕಿ ಗಾಜಿನಲ್ಲಿ ಸಿಲಿಕಾ ನೂರಕ್ಕೆ ಎಪ್ಪತ್ತರ ಮೇಲಿದೆ. ಸಿಲಿಕಾ ಕಡಿಮೆ ಆದಷ್ಟು ಗಾಜು ನೀರಿಗೆ ಸೋಲುತ್ತದೆ. ಮೇಲ್ಮೈಯಲ್ಲಿ ನಿಂತ ತೇವ ಪೊಟ್ಯಾಸಿಯಂ, ಕ್ಯಾಲ್ಸಿಯಂಗಳನ್ನು ಹೊರಗೆಳೆಯುತ್ತದೆ. ಗಾಳಿಯ ಗಂಧಕದ ಹೊಗೆ ಅದಕ್ಕೆ ಸೇರಿದರೆ ಜಿಪ್ಸಂನಂಥ ಬಿಳಿ-ಕಂದು ಹಕ್ಕಳೆ ಕಟ್ಟುತ್ತದೆ. ಹಕ್ಕಳೆ ತೇವ ಹಿಡಿದಿಡುತ್ತದೆ, ಅದರಡಿ ಗುಳಿ ಬೀಳುತ್ತದೆ, ಗುಳಿಯಲ್ಲಿ ಮತ್ತೆ ತೇವ. ಗಾಜಿನ ಮ್ಯಾಂಗನೀಸ್ ಆಮ್ಲಜನಕ ಕೂಡಿ ಕಂದಾದರೆ ಇಡೀ ತುಂಡು ಮಸಿ ಬಳಿದಂತೆ ಆಗುತ್ತದೆ. 12ನೇ ಶತಮಾನದ ಕೆಲವು ನೀಲಿ ಗಾಜುಗಳು ಮಾತ್ರ ಸೋಡಾ ಗಾಜು (ಪೊಟ್ಯಾಷ್ ಬದಲು ಸೋಡಾ ಇರುವಂಥದ್ದು), ಅವು ಪಕ್ಕದ ಹಸಿರು, ನೇರಳೆ ತಿಂದುಹೋಗಿದ್ದರೂ ನುಣ್ಣಗೆ ಉಳಿದಿವೆ. ಹಾಗಾಗಿ ‘ನುಣ್ಣಗಿದೆ, ಆದ್ದರಿಂದ ಹೊಸತು’ ಎನ್ನುವ ತರ್ಕ ನೀಲಿಗೆ ಹೊಂದುವುದಿಲ್ಲ.

ಮಾಡಬಾರದ್ದು ಯಾವುದು ಎಂದೂ ಇತಿಹಾಸ ಹೇಳಿದೆ. ಹಿಂದೆ ಹೈಡ್ರೊಫ್ಲೋರಿಕ್ ಆಮ್ಲ, ತಂತಿ ಬ್ರಷ್ ಬಳಸಿ ಹಕ್ಕಳೆ ತೆಗೆದರು. ಬಣ್ಣದ ಗೆರೆಯೂ ಹೋಯಿತು, ಹೊಸದಾಗಿ ತೆರೆದ ಮೈ ಇನ್ನೂ ಬೇಗ ಕೊಳೆಯಿತು. 1970ರ ದಶಕದಲ್ಲಿ ಶಾರ್ತ್ರ್‌ನ ಪಶ್ಚಿಮದ ಮೂರು ಕಿಟಕಿಗಳನ್ನು ತೊಳೆದು ವಯಾಕ್ರಿಲ್ ಎಂಬ ರಾಳ ಬಳಿದಾಗ ದೊಡ್ಡ ವಿವಾದವೇ ಎದ್ದಿತು. ಗಾಜಿಗೆ ನೇರವಾಗಿ ಲೇಪ ಬಳಿಯುವುದು ನನ್ನ ಮಟ್ಟಿಗೆ ತಪ್ಪು. ತೆಗೆಯಬೇಕಾಗಿ ಬಂದಾಗ ಅದರ ಜೊತೆ ಬಣ್ಣವೂ ಎದ್ದು ಬರುವ ಅಪಾಯ ಇದೆ.

ಈಗಿನ ದಾರಿ ಎರಡನೇ ಗಾಜು. ಕಲ್ಲಿನ ತೋಡಿನಲ್ಲಿ ಹೊಸ ಸಾದಾ ಗಾಜು ಕೂರಿಸಿ, ಹಳೆಯ ಫಲಕವನ್ನು ಲೋಹದ ಚೌಕಟ್ಟಿನಲ್ಲಿ ಕೆಲವು ಸೆಂಟಿಮೀಟರ್ ಒಳಗೆ ತರುತ್ತಾರೆ. ನಡುವಿನ ಸಂದಿ ಕೆಳಗೂ ಮೇಲೂ ಕಟ್ಟಡದ ಒಳಗಾಳಿಗೆ ತೆರೆದಿರಬೇಕು. ಆಗ ಹಳೆಯ ಗಾಜಿನ ಎರಡೂ ಮೈ ಒಂದೇ ಬಿಸಿಯಲ್ಲಿರುತ್ತವೆ, ಹನಿ ಕಟ್ಟುವುದು ಹೊರಗಿನ ಹೊಸ ಗಾಜಿನ ಮೇಲೆ. ಕೆಡುವುದು ಎಲ್ಲಿ ಎಂದರೆ: ಸಂದಿ ತೀರ ಕಿರಿದಾದರೆ ಗಾಳಿ ಆಡುವುದಿಲ್ಲ, ಕೆಳಗಿನ ಬಾಯಿ ದೂಳಿನಿಂದ ಮುಚ್ಚಿದರೂ ಅಷ್ಟೇ. ಅಂಚಿನಿಂದ ಬಿಳಿ ಬೆಳಕು ಸೋರಿದರೆ ಚಿತ್ರ ಮಂಕಾಗಿ ಕಾಣುತ್ತದೆ, ಅಲ್ಲಿ ಕಪ್ಪು ಪಟ್ಟಿ ಹಾಕಬೇಕು.

ಪಡುವಣ

ಹಳತು ಹೊಸತು ಗುರುತಿಸುವುದಕ್ಕೆ ಬರೋಣ. ಪರೀಕ್ಷೆಗೆ ಗಾಜು ಒಡೆಯುವಂತಿಲ್ಲವಲ್ಲ?

ಸೀಸದಕಡ್ಡಿ

ಮೊದಲು ಕಣ್ಣು. ಓರೆ ಬೆಳಕು ಹಾಯಿಸಿ ಹೊರಮೈ ನೋಡಿ: ಗುಳಿ, ಹಕ್ಕಳೆ, ಬರೆದ ಗೆರೆಯ ನೆರಳಿನಂತೆ ಹೊರಮೈಯಲ್ಲಿ ಉಳಿದ ಗುರುತು. ಗೂಡಿನಲ್ಲಿ ಕೃತಕವಾಗಿ ಹಳತು ಮಾಡಿದ ಗಾಜಿನಲ್ಲಿ ಗುಳಿಗಳು ಒಂದೇ ಆಳ, ಒಂದೇ ಅಂತರದಲ್ಲಿ ಕಾಣುವುದು ಹೆಚ್ಚು. ಆಮೇಲೆ ಅಂಚು: ಕಚ್ಚಿದ ಅಂಚೋ, ನೇರ ಕೊಯ್ದ ಅಂಚೋ. ದಪ್ಪ ಏರಿಳಿತವೋ, ಸಮವೋ.

ಕ್ಯಾಂಟರ್‌ಬರಿಯ ತೊಂದರೆ ಏನೆಂದರೆ 19ನೇ ಶತಮಾನದಿಂದ 20ನೆಯದರ ಆರಂಭದವರೆಗೆ ಅಲ್ಲಿ ಕೆಲಸ ಮಾಡಿದ ಗಾಜುಗಾರರು ಬಹಳ ಕೈಚಳಕದವರು. ಹಳೆಯ ಗಾಜಿನ ಚೂರುಗಳನ್ನೇ ಬಳಸಿ ಹಳೆಯ ಶೈಲಿಯಲ್ಲೇ ಹೊಸ ಫಲಕ ಮಾಡಿದರು. ಇದರಿಂದ ಅನುಮಾನ ಉಲ್ಟಾ ದಿಕ್ಕಿಗೂ ಹೋಯಿತು. ಕ್ಯಾಂಟರ್‌ಬರಿಗೆ ಹೊರಟ ಯಾತ್ರಿಕರ ಒಂದು ಫಲಕವನ್ನು ಬಹುಕಾಲ ಆಧುನಿಕ ನಕಲು ಎಂದೇ ಬದಿಗಿಟ್ಟಿದ್ದರು. ರೇಚಲ್ ಕೂಪ್‌ಮನ್ಸ್ ಮತ್ತು ಕೆಥೆಡ್ರಲ್‌ನ ಗಾಜು ವಿಭಾಗದ ಲಿಯೊನಿ ಸೆಲಿಗರ್ ತುಂಡು ತುಂಡಾಗಿ ಪರೀಕ್ಷಿಸಿದಾಗ ಅದರ ಬಹುಪಾಲು ಗಾಜು 1180ರ ದಶಕದ್ದೇ ಎಂದು ತೋರಿತು. ಒಂದು ಫಲಕ ಪೂರ್ತಿ ಹಳತು ಅಥವಾ ಪೂರ್ತಿ ಹೊಸತು ಎಂದು ತೀರ್ಪು ಕೊಡಬಾರದು. ಪ್ರತಿ ತುಂಡಿಗೂ ಬೇರೆ ಉತ್ತರ ಇರುತ್ತದೆ. ಸಂರಕ್ಷಕರು ಮಾಡುವ ನಕ್ಷೆಯಲ್ಲಿ ಮಧ್ಯಯುಗದ್ದು, ಬೇರೆ ಕಡೆಯ ಹಳತು, ಹೊಸತು ಎಂದು ಒಂದೊಂದು ತುಂಡಿಗೂ ಗುರುತು ಹಾಕಿರುತ್ತಾರೆ. ಆ ನಕ್ಷೆ ನೋಡದೆ ಶೈಲಿಯ ಬಗ್ಗೆ ಬರೆಯಬೇಡಿ.

ಕುಲುಮೆಮನೆ

ಕಣ್ಣಿನ ಮೇಲೆ ಎಕ್ಸ್-ರೇ. ಕೈಯಲ್ಲಿ ಹಿಡಿಯುವ ಎಕ್ಸ್-ರೇ ಫ್ಲೋರೆಸೆನ್ಸ್ ಯಂತ್ರವನ್ನು ಗಾಜಿಗೆ ಒತ್ತಿದರೆ ಯಾವ ಧಾತು ಎಷ್ಟಿದೆ ಎಂದು ತೋರಿಸುತ್ತದೆ, ಗಾಜಿಗೆ ಏನೂ ಆಗುವುದಿಲ್ಲ. ಎರಡು ತೊಡಕುಗಳಿವೆ. ಸೀಸದ ಕಡ್ಡಿ ಉಬ್ಬಿರುವುದರಿಂದ ಯಂತ್ರದ ಮೂತಿ ಗಾಜಿಗೆ ತಾಗುವುದಿಲ್ಲ, ದೂರ ಬದಲಾದರೆ ಅಳತೆ ತಪ್ಪುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಇದಕ್ಕೆ 3ಡಿ ಪ್ರಿಂಟರ್‌ನಲ್ಲಿ ಒಂದು ಹಿಡಿಕೆ ಮಾಡಿದರು. ಅದು ಯಂತ್ರವನ್ನು ಒಂದೇ ದೂರದಲ್ಲಿ ನಿಲ್ಲಿಸುತ್ತದೆ. ಎರಡನೆಯದು, ಪೊಟ್ಯಾಸಿಯಂ, ಕ್ಯಾಲ್ಸಿಯಂನಂಥ ಹಗುರ ಧಾತುಗಳ ಸಂಕೇತ ಮೇಲ್ಪದರದಿಂದಷ್ಟೇ ಬರುತ್ತದೆ, ಆ ಪದರವೇ ಕೊಳೆತಿರುತ್ತದೆ. ಹಾಗಾಗಿ ರುಬಿಡಿಯಂ, ಸ್ಟ್ರಾನ್ಷಿಯಂನಂಥ ಭಾರದವನ್ನು ನಂಬಬೇಕು.

ಈ ವಿಧಾನದಿಂದ 2021ರಲ್ಲಿ ದೊಡ್ಡ ಫಲಿತಾಂಶ ಬಂತು. ಇದೇ ಕೆಥೆಡ್ರಲ್‌ನ ‘ಕ್ರಿಸ್ತನ ಪೂರ್ವಜರು’ ಸರಣಿಯ ಕೆಲವು ಆಕೃತಿಗಳು 1174ರ ಬೆಂಕಿಗೂ ಮುಂಚಿನವು, 1130-1160ರ ನಡುವಿನವು ಎಂದು ಕಂಡುಬಂತು. ಶೈಲಿ ನೋಡಿ ಇದೇ ಅನುಮಾನವನ್ನು ಕಲಾ ಇತಿಹಾಸಕಾರರೊಬ್ಬರು ಹಲವು ವರ್ಷ ಮೊದಲೇ ಮುಂದಿಟ್ಟಿದ್ದರು.

ತೆಂಕಣಗಾಳಿ

ಯಂತ್ರವೂ ಇಲ್ಲ, ಗಾಜು ಮುಟ್ಟುವಂತೆಯೂ ಇಲ್ಲ. ನೆಲದ ಮೇಲೆ ನಿಂತು ನೋಡುವವರಿಗೆ ಏನಾದರೂ ಗುರುತು ಇದೆಯೇ?

ಗಾಜುಗಣ್ಣು

ಇದೆ. 8 ಅಥವಾ 10 ಪಟ್ಟು ದೊಡ್ಡದು ಮಾಡುವ ಬೈನಾಕ್ಯುಲರ್ ಸಾಕು, ಪವಾಡ ಕಿಟಕಿಗಳು ಕೆಳಸಾಲಿನವು, ಬಹಳ ಎತ್ತರ ಇಲ್ಲ. ಮೋಡ ಕವಿದ ದಿನ ಒಳ್ಳೆಯದು. ನೇರ ಬಿಸಿಲಿಗೆ ನೀಲಿ ಹರಡಿ ಪಕ್ಕದ ಗೆರೆಗಳನ್ನು ನುಂಗುತ್ತದೆ.

ಹಳದಿ ಹುಡುಕಿ. ಬೆಳ್ಳಿಯ ಲವಣವನ್ನು ಗಾಜಿನ ಹೊರಮೈಗೆ ಹಚ್ಚಿ ಸುಟ್ಟು ಹಳದಿ ಮಾಡುವ ವಿದ್ಯೆ ಪಶ್ಚಿಮ ಯುರೋಪಿನ ಕಿಟಕಿಗಳಿಗೆ ಬಂದದ್ದು 14ನೇ ಶತಮಾನದ ಆರಂಭದಲ್ಲಿ. ಅದಕ್ಕೂ ಮುಂಚೆ ಹಳದಿ ಬೇಕಿದ್ದರೆ ಹಳದಿ ಗಾಜಿನದೇ ತುಂಡು ಕತ್ತರಿಸಿ, ಸುತ್ತ ಸೀಸ ಹಾಕಿ ಕೂರಿಸಬೇಕಿತ್ತು. ಹಾಗಾಗಿ 1200ರ ಆಸುಪಾಸಿನ ಕಿಟಕಿಯಲ್ಲಿ ಒಂದೇ ತುಂಡಿನೊಳಗೆ, ನಡುವೆ ಸೀಸವಿಲ್ಲದೆ, ಬಿಳಿ ಮುಖವೂ ಹಳದಿ ಕೂದಲೂ ಕಂಡರೆ ಆ ತುಂಡು ಆಮೇಲೆ ಬಂದದ್ದು.

ಸೀಸದಕಡ್ಡಿ

ಒಂದು ಸೇರಿಸುತ್ತೇನೆ. ಹಳದಿಯ ಅಂಚು ನೋಡಿ. ಬೆಳ್ಳಿಯ ಹಳದಿ ಅಂಚಿನಲ್ಲಿ ಸ್ವಲ್ಪ ಹರಡಿ ನಿಂಬೆಬಣ್ಣದಿಂದ ಕಿತ್ತಳೆವರೆಗೆ ಏರುಪೇರಾಗಿರುತ್ತದೆ, ಬರೆದ ಕಪ್ಪು ಗೆರೆಯನ್ನು ದಾಟಿಯೂ ಹೋಗಿರಬಹುದು. ಹಕ್ಕಳೆಯ ಕಂದು ಕಲೆಯೂ ದೂರದಿಂದ ಹಳದಿಯಂತೆ ಕಾಣುವುದುಂಟು, ಆದರೆ ಅದು ಚಿತ್ರದ ಆಕಾರ ಅನುಸರಿಸುವುದಿಲ್ಲ, ಗಾಜಿನ ಗುಳಿಗಳನ್ನು ಅನುಸರಿಸುತ್ತದೆ. ಕೂದಲು, ಕಿರೀಟ, ಬಟ್ಟೆಯ ಅಂಚು ಹೀಗೆ ಚಿತ್ರದ ಭಾಗಕ್ಕೆ ಹೊಂದಿಕೊಂಡಿದ್ದರೆ ಬೆಳ್ಳಿ ಎಂದು ಬರೆದುಕೊಳ್ಳಿ, ಫಲಕದ ಸಾಲು ಮತ್ತು ಅಕ್ಷರದ ಜೊತೆಗೆ.